ಗೋಲಿಯ ಓಟ ಮತ್ತು ಸಂಧಿಕಾರ್ಯ

ಪ್ರಸ್ತಾವನೆ

ಕನ್ನಡ ಪಂಡಿತನೆನಿಸಿದವನು ವ್ಯಾಕರಣ, ಛಂದಸ್ಸು, ಅಲಂಕಾರಗಳ ಎಲ್ಲೆಯನ್ನು ದಾಟಿ ಯಂತ್ರರಚನೆಯನ್ನು ಕುರಿತು ಲೇಖನಿ ಹಿಡಿದರೆ, ಸ್ಮರಣ ಸಂಚಿಕೆಯ ವಾಚಕರಿಗೆ ಸೋಜಿಗವೆನಿಸುವುದು ಸಹಜ. ವಿಜ್ಞಾನದ ಅಧ್ಯಾಪಕರಿರುವಾಗ ಭಾಷಾಧ್ಯಾಪಕನಿಗೆ ಈ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಪ್ರಕೃತ ವಿಷಯದಲ್ಲಿ ವ್ಯಾಕರಣಕ್ಕೂ ಯಂತ್ರಕ್ಕೂ ಸಮಾನವಾದ ಒಂದು ತತ್ತ್ವವಿದೆ. ಅದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಗೋಲಿಯ ಓಟವೆಂದರೇನು? ಎತ್ತರದ ಹಲಗೆಯೊಂದರ ಮೇಲೆ ಸೀಳಿದ ಬಿದಿರು, ರಟ್ಟು, ತಗಡು, ಅರ್ಧಕ್ಕೆ ಕೊಯ್ದ ಪ್ಲಾಸ್ಟಿಕ್ ಕೊಳವೆ ಮುಂತಾದವುಗಳಿಂದ ಇಳಿಜಾರಿನ ಕಾಲುವೆಗಳನ್ನು ಜೋಡಿಸಿ, ಮೇಲಿನಿಂದ ಬಿಟ್ಟ ಗಾಜಿನ ಗೋಲಿಯೊಂದು ಯಾರ ಕೈಯೂ ಸೋಕದೆ, ಎಲ್ಲಿಯೂ ನಿಲ್ಲದೆ, ಎಲ್ಲಿಯೂ ಹೊರಗೆ ಹಾರದೆ ಕೆಳಗಿನ ಬಟ್ಟಲನ್ನು ಸೇರುವಂತೆ ಮಾಡುವ ರಚನೆ. ನೋಡುವುದಕ್ಕೆ ಇದು ಮಕ್ಕಳ ಆಟ. ಆದರೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಂಡವಾಗಿ ದುಡಿಯುವುದನ್ನು ಕಲಿಸಲು ಇದನ್ನು ಅಭ್ಯಾಸವಾಗಿ ಕೊಡುವ ಪದ್ಧತಿ ಹಲವೆಡೆ ಉಂಟು. ನಮ್ಮ ಪ್ರೌಢಶಾಲೆಯ ಮಕ್ಕಳಿಗೂ ಇದು ಅವಶ್ಯವಾದ ಪಾಠವೆಂಬುದು ನನ್ನ ಅಭಿಪ್ರಾಯ.

ಅವಶ್ಯವೆನ್ನಲು ಕಾರಣವಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ಬುದ್ಧಿಯಲ್ಲಿ ಯಾರಿಗೂ ಕಡಿಮೆಯಲ್ಲ. ಪರೀಕ್ಷೆಯಲ್ಲಿ ಅಂಕಗಳನ್ನು ಗಳಿಸುತ್ತಾರೆ. ಹುಬ್ಬಳ್ಳಿಗೋ, 2007ರಲ್ಲಿ ಹಾವೇರಿಯಲ್ಲಿ ಸ್ಥಾಪಿತವಾದ ಸರಕಾರಿ ಎಂಜಿನಿಯರಿಂಗ್ ಕಾಲೇಜಿಗೋ ಪ್ರವೇಶ ಪಡೆಯುತ್ತಾರೆ. ಆದರೆ ನಾಲ್ವರು ಕೂಡಿ ಒಂದು ವಸ್ತುವನ್ನು ಕಟ್ಟಬೇಕಾದ ಪ್ರಸಂಗ ಬಂದಾಗ ಹಿಂಜರಿಯುತ್ತಾರೆ. ಏಕೆಂದರೆ ಹತ್ತು ವರ್ಷಗಳ ಕಾಲ ನಾವು ಅವರಿಗೆ ಒಬ್ಬೊಬ್ಬರೇ ಉತ್ತರ ಬರೆಯುವುದನ್ನು ಕಲಿಸಿದ್ದೇವೆಯೇ ಹೊರತು, ಒಬ್ಬರ ಉತ್ತರವನ್ನು ಮತ್ತೊಬ್ಬರ ಉತ್ತರಕ್ಕೆ ಜೋಡಿಸುವುದನ್ನು ಕಲಿಸಿಲ್ಲ.

ಶಬ್ದವಿಚಾರ

‘ಯಂತ್ರ’ ಶಬ್ದವು ‘ಯಮ್’ ಧಾತುವಿನಿಂದ ನಿಷ್ಪನ್ನವಾದುದು. ತಡೆದು ಹಿಡಿಯುವುದು, ಅಂಕೆಯಲ್ಲಿಡುವುದು ಎಂದು ಆ ಧಾತುವಿನ ಅರ್ಥ. ಸಂಯಮ, ನಿಯಮ, ನಿಯಂತ್ರಣ ಇವೆಲ್ಲ ಅದೇ ಬಳಗದ ಮಾತುಗಳು. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ವೆಂಬ ವಾಸ್ತುಗ್ರಂಥದ ಯಂತ್ರಾಧ್ಯಾಯವೂ ಭೂತಗಳನ್ನು ನಿಯಮಿಸುವುದೇ ಯಂತ್ರವೆಂಬ ಭಾವವನ್ನು ಹೇಳುತ್ತದೆ. ಅಂದರೆ ಯಂತ್ರವು ಹೊಸ ಶಕ್ತಿಯನ್ನು ಸೃಜಿಸುವುದಿಲ್ಲ. ಇರುವ ಶಕ್ತಿಗೆ ದಾರಿ ತೋರುತ್ತದೆ. ಗೋಲಿಯ ಓಟದಲ್ಲಿ ಶಕ್ತಿಯು ಗುರುತ್ವದ್ದು, ದಾರಿಯಷ್ಟೇ ಮಕ್ಕಳದು.

ಇನ್ನು ಕನ್ನಡದಲ್ಲಿ ‘ಜಾರು’, ‘ಉರುಳು’ ಎಂಬ ಎರಡು ಬೇರೆ ಬೇರೆ ಧಾತುಗಳಿವೆ. ಹೊಲದ ಕೆಲಸದವನೂ ಇವೆರಡನ್ನು ಬೆರಸಿ ನುಡಿಯುವುದಿಲ್ಲ. ಭೌತಶಾಸ್ತ್ರವು ಈ ಭೇದವನ್ನು ಎತ್ತಿ ಹಿಡಿಯುತ್ತದೆ. ಒಂದು ಮೀಟರು ಎತ್ತರದಿಂದ ಘರ್ಷಣೆಯಿಲ್ಲದೆ ಜಾರಿ ಬಂದ ವಸ್ತು ಕೆಳಗೆ ತಲುಪುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.4 ಮೀಟರು. ಅದೇ ಎತ್ತರದಿಂದ ಉರುಳಿ ಬಂದ ಗೋಲಿಯ ವೇಗವಾದರೋ ಸುಮಾರು 3.7 ಮೀಟರು ಮಾತ್ರ. ಉಳಿದುದು ಎಲ್ಲಿ ಹೋಯಿತು? ಗೋಲಿಯು ಮುಂದೆ ಸಾಗುವುದರ ಜೊತೆಗೆ ತನ್ನ ಸುತ್ತಲೂ ತಿರುಗುತ್ತದೆಯಷ್ಟೆ. ಎತ್ತರದಿಂದ ದೊರೆತ ಶಕ್ತಿಯನ್ನು ಏಳು ಪಾಲು ಮಾಡಿದರೆ ಐದು ಪಾಲು ಮುನ್ನಡೆಗೂ ಎರಡು ಪಾಲು ತಿರುಗುವಿಕೆಗೂ ವ್ಯಯವಾಗುತ್ತವೆ. ಗೋಲಿಯನ್ನು ಎರಡು ಕಂಬಿಗಳ ನಡುವೆ ಓಡಿಸಿದರೆ ತಿರುಗುವಿಕೆಯ ಪಾಲು ಇನ್ನೂ ಹೆಚ್ಚಿ ಓಟ ಮತ್ತಷ್ಟು ನಿಧಾನವಾಗುತ್ತದೆ. ‘ಉರುಳು’ ಎಂಬ ಧಾತುವಿನ ಅರ್ಥವನ್ನು ಚೆನ್ನಾಗಿ ಬಲ್ಲ ಹುಡುಗನಿಗೆ ಈ ತತ್ತ್ವವು ಅರ್ಧ ತಿಳಿದಂತೆಯೇ ಸರಿ.

ಮೊದಲ ಪ್ರಯೋಗ

ಕಟ್ಟುವುದಕ್ಕೆ ಮುನ್ನ ಅಳೆಯುವುದನ್ನು ಕಲಿಸಬೇಕು. ಇಟಲಿಯ ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ಪ್ರಯೋಗವನ್ನು ವಿವರಿಸಿದ್ದಾನೆ. ಸುಮಾರು ಹನ್ನೆರಡು ಮೊಳ ಉದ್ದದ ಮರದ ತೊಲೆಯಲ್ಲಿ ಒಂದು ಬೆರಳಗಲದ ನೇರವಾದ ಕಾಲುವೆಯನ್ನು ಕೊರೆದು, ಅದಕ್ಕೆ ನುಣುಪಾದ ಚರ್ಮಪತ್ರವನ್ನು ಅಂಟಿಸಿ, ಒಂದು ತುದಿಯನ್ನು ಎತ್ತರಿಸಿ, ಕಂಚಿನ ಗುಂಡನ್ನು ಉರುಳಿಸಿದನು. ಆಗ ಸೆಕೆಂಡುಗಳನ್ನು ಎಣಿಸುವ ಗಡಿಯಾರ ಅವನಲ್ಲಿರಲಿಲ್ಲ. ಪಾತ್ರೆಯ ಸಣ್ಣ ನಳಿಕೆಯಿಂದ ಹರಿದ ನೀರನ್ನು ಹಿಡಿದು, ತಕ್ಕಡಿಯಲ್ಲಿ ತೂಗಿ ಕಾಲವನ್ನು ಅಳೆದನು. ನಮ್ಮ ಪ್ರಾಚೀನರ ಘಟಿಕಾಯಂತ್ರವನ್ನು ಬಲ್ಲವರಿಗೆ ಇದು ಅಪರಿಚಿತವಾದ ಮಾರ್ಗವೇನೂ ಅಲ್ಲ.

ಇದನ್ನು ನಮ್ಮ ಶಾಲೆಯ ಪಡಸಾಲೆಯಲ್ಲಿಯೇ ಮಾಡಿ ನೋಡಬಹುದು. ಎರಡು ಮೀಟರಿನ ನೇರವಾದ ಹಲಗೆಯಲ್ಲಿ ಕಾಲುವೆ ಮಾಡಿ, ಮೇಲಿನ ತುದಿಯನ್ನು ಹತ್ತು ಸೆಂಟಿಮೀಟರು ಎತ್ತರಿಸಿರಿ. ಗೋಲಿ ಬಿಡುವ ಸ್ಥಳದಿಂದ 10, 40, 90, 160 ಸೆಂಟಿಮೀಟರುಗಳಲ್ಲಿ ಕಾಲುವೆಗೆ ಅಡ್ಡಲಾಗಿ ಸಣ್ಣ ನೂಲನ್ನು ಬಿಗಿಯಿರಿ. ಗೋಲಿಯು ನೂಲನ್ನು ದಾಟುವಾಗಲೆಲ್ಲ ‘ಟಕ್’ ಎಂಬ ಸಪ್ಪಳ ಕೇಳುತ್ತದೆ. ನೂಲುಗಳ ನಡುವಣ ಅಂತರ ಕ್ರಮವಾಗಿ ಒಂದು, ಮೂರು, ಐದು, ಏಳರ ಪ್ರಮಾಣದಲ್ಲಿ ಹೆಚ್ಚುತ್ತಿದ್ದರೂ ಸಪ್ಪಳಗಳು ಮಾತ್ರ ಸಮಾನ ಕಾಲದಲ್ಲಿ, ಸುಮಾರು ಮುಕ್ಕಾಲು ಸೆಕೆಂಡಿಗೊಮ್ಮೆ, ತಾಳ ಹಾಕಿದಂತೆ ಕೇಳಿಬರುತ್ತವೆ. ಭಜನೆಯಲ್ಲಿ ತಾಳ ಹಿಡಿದ ಮಗುವಿನ ಕಿವಿ ಇಲ್ಲಿ ಗಡಿಯಾರಕ್ಕಿಂತ ಕಡಿಮೆಯಲ್ಲ. ವೇಗೋತ್ಕರ್ಷದ ನಿಯಮವನ್ನು ಬಾಯಿಪಾಠ ಮಾಡುವುದಕ್ಕೂ ಅದನ್ನು ಕಿವಿಯಾರೆ ಕೇಳುವುದಕ್ಕೂ ಇರುವ ಅಂತರ ಅಂದು ತಿಳಿಯುತ್ತದೆ.

ಈ ಹಂತದಲ್ಲಿ ಬುದ್ಧಿವಂತನಾದ ವಿದ್ಯಾರ್ಥಿಯೊಬ್ಬನು, ಕೆಳಗೆ ಬಂದ ಗೋಲಿಯು ತಾನಾಗಿಯೇ ಮೇಲೇರಿ ಮತ್ತೆ ಓಡುವಂತೆ ಮಾಡಲಾಗದೇ ಎಂದು ಕೇಳುವುದುಂಟು. ಆ ಪ್ರಶ್ನೆ ಪ್ರಾಚೀನವಾದುದು. ಕ್ರಿ.ಶ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯನು ಪಾದರಸ ತುಂಬಿದ ಅರೆಗಳುಳ್ಳ, ತಾನೇ ತಿರುಗುವ ಚಕ್ರವೊಂದನ್ನು ವರ್ಣಿಸಿದ್ದಾನೆ. ಅಂಥ ಚಕ್ರವು ನಿರಂತರವಾಗಿ ತಿರುಗಲಾರದೆಂಬುದನ್ನು ಶಕ್ತಿಸಂರಕ್ಷಣೆಯ ನಿಯಮವು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಿರಪಡಿಸಿತು. ಮಗುವಿನ ಪ್ರಶ್ನೆಯನ್ನು ನಕ್ಕು ತಳ್ಳದೆ, ಗೋಲಿಯು ಬಿಟ್ಟ ಎತ್ತರವನ್ನು ಮತ್ತೆ ಮುಟ್ಟುವುದೇ ಎಂದು ಬಾಗಿದ ಕಾಲುವೆಯಲ್ಲಿ ಅಳೆದು ನೋಡಲು ಹೇಳಬೇಕು. ಪ್ರತಿ ಸಲವೂ ಅದು ತುಸು ಕೆಳಗೇ ನಿಲ್ಲುವುದನ್ನು ಅವನೇ ಕಂಡುಕೊಳ್ಳುವನು.

ನಾಲ್ಕು ತಂಡಗಳ ಯೋಜನೆ

ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಹದಿನಾರು ವಿದ್ಯಾರ್ಥಿಗಳನ್ನು ನಾಲ್ಕು ತಂಡಗಳಾಗಿ ವಿಂಗಡಿಸಬೇಕು. ಎರಡು ಮೀಟರು ಎತ್ತರದ ಚೌಕಟ್ಟಿನಲ್ಲಿ ಪ್ರತಿ ತಂಡಕ್ಕೂ ಅರ್ಧ ಮೀಟರು ಎತ್ತರದ, ಅರವತ್ತು ಸೆಂಟಿಮೀಟರು ಅಗಲದ ಒಂದು ಹಲಗೆ. ಮೊದಲ ತಂಡದ ಹಲಗೆಯಿಂದ ಹೊರಬಿದ್ದ ಗೋಲಿಯು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಇಳಿಯಬೇಕು. ಪಣವೇನೆಂದರೆ, ಗೋಲಿಯು ಬೇಗ ತಲುಪುವುದಲ್ಲ. ಸರಿಯಾಗಿ ಒಂದು ನಿಮಿಷ ಓಡುವುದು. ಆದ್ದರಿಂದ ಪ್ರತಿ ತಂಡದ ಪಾಲಿಗೆ ಹದಿನೈದು ಸೆಕೆಂಡು.

ಇದು ಸಾಧ್ಯವೇ ಎಂಬುದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿಸಬೇಕು. ಇಪ್ಪತ್ತಕ್ಕೊಂದು ಇಳಿಜಾರಿನ, ಅರ್ಧ ಮೀಟರು ಉದ್ದದ ಕಾಲುವೆಯನ್ನು ನಿಂತಲ್ಲಿಂದ ಹೊರಟ ಗೋಲಿಯು ಸುಮಾರು 1.7 ಸೆಕೆಂಡಿನಲ್ಲಿ ದಾಟುತ್ತದೆ. ಅಂಥ ಒಂಬತ್ತು ಕಾಲುವೆಗಳನ್ನು ಒಂದರ ಕೆಳಗೊಂದು ಎಡಬಲವಾಗಿ ಜೋಡಿಸಿ, ಪ್ರತಿ ತಿರುವಿನಲ್ಲಿಯೂ ಗೋಲಿಯ ವೇಗವನ್ನು ಮುರಿದರೆ ಹದಿನೈದು ಸೆಕೆಂಡು ದೊರೆಯುತ್ತದೆ. ಎತ್ತರದ ಅರ್ಧ ಭಾಗ ಇಳಿಜಾರಿಗೆ ವ್ಯಯವಾದರೆ ಉಳಿದರ್ಧ ತಿರುವುಗಳಿಗೆ ಉಳಿಯುತ್ತದೆ. ಯಾವುದಾದರೂ ತಂಡವು ಉತ್ಸಾಹದಿಂದ ಗೋಲಿಯನ್ನು ನಿಂತ ಬಳೆಯಂಥ ಸುತ್ತಿನಲ್ಲಿ ತಲೆಕೆಳಗಾಗಿ ಓಡಿಸುವೆವೆಂದರೆ ಬೇಡವೆನ್ನಬಾರದು. ಆದರೆ ಬಳೆಯ ತ್ರಿಜ್ಯದ 2.7ರಷ್ಟು ಎತ್ತರದಿಂದಾದರೂ ಗೋಲಿಯನ್ನು ಬಿಡಬೇಕೆಂದೂ ಘರ್ಷಣೆಯ ನಷ್ಟಕ್ಕಾಗಿ ಮತ್ತಷ್ಟು ಸೇರಿಸಬೇಕೆಂದೂ ತಿಳಿಸಬೇಕು. ಹತ್ತು ಸೆಂಟಿಮೀಟರು ತ್ರಿಜ್ಯದ ಬಳೆಗೆ ಇಪ್ಪತ್ತೇಳು ಸೆಂಟಿಮೀಟರಿಗೂ ಮೀರಿದ ಎತ್ತರ ಬೇಕು. ಅಂದರೆ ತಮ್ಮ ಪಾಲಿನ ಅರ್ಧಕ್ಕಿಂತ ಹೆಚ್ಚು. ಆಸೆಗೂ ಆಸ್ತಿಗೂ ಹೊಂದಿಕೆ ಮಾಡುವುದೆಂದರೇನೆಂಬುದನ್ನು ಹುಡುಗರು ಆಗ ಅರಿಯುತ್ತಾರೆ.

ಗೋಲಿ ಬೀಳುವುದು ಎಲ್ಲಿ?

ಈಗ ಮುಖ್ಯ ವಿಷಯಕ್ಕೆ ಬರೋಣ. ನಾಲ್ಕೂ ತಂಡಗಳು ತಮ್ಮ ತಮ್ಮ ಹಲಗೆಗಳನ್ನು ಸಿದ್ಧಪಡಿಸುತ್ತವೆ. ಬಿಡಿಬಿಡಿಯಾಗಿ ಪರೀಕ್ಷಿಸಿದಾಗ ಎಲ್ಲವೂ ಚೆನ್ನಾಗಿಯೇ ನಡೆಯುತ್ತವೆ. ನಾಲ್ಕನ್ನೂ ಚೌಕಟ್ಟಿಗೇರಿಸಿ ಗೋಲಿಯನ್ನು ಬಿಟ್ಟೊಡನೆ ಅದು ನೆಲಕ್ಕೆ ಬೀಳುತ್ತದೆ. ಬೀಳುವ ಸ್ಥಳ ಮಾತ್ರ ಹಲಗೆಯ ನಡುವಲ್ಲ; ಎರಡು ಹಲಗೆಗಳು ಕೂಡುವ ಎಡೆ.

ನಮ್ಮ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿದಾಗ ಒಂದು ತಂಡದ ಹುಡುಗನು, “ನಮ್ಮದು ಬರೋಬರಿ ಐತ್ರಿ ಸರ್, ಗುಂಡಾ ಬಿದ್ದಿದ್ದು ಅವರ ಕಡೆ ಐತ್ರಿ” ಎಂದನು. ಕೆಳಗಿನ ತಂಡದ ಹುಡುಗಿಯು, “ಇಲ್ರಿ ಸರ್, ಇವರು ಜೋರಾಗಿ ಕಳಸ್ತಾರ್ರಿ, ನಮ್ಮ ಬಾಯಿಗೆ ಬರೂದ ಇಲ್ಲ” ಎಂದಳು. ಇಬ್ಬರ ಮಾತೂ ದಿಟವೇ. ಮೇಲಿನವರ ಕಾಲುವೆಯಲ್ಲಿ ದೋಷವಿರಲಿಲ್ಲ. ಕೆಳಗಿನವರ ಕಾಲುವೆಯಲ್ಲಿಯೂ ಇರಲಿಲ್ಲ. ದೋಷವಿದ್ದುದು ಎರಡರ ನಡುವಣ ಮೂರು ಬೆರಳಿನಷ್ಟು ತೆರಪಿನಲ್ಲಿ. ಆ ತೆರಪು ಮೇಲಿನವರ ನಕ್ಷೆಯಲ್ಲಿಯೂ ಇರಲಿಲ್ಲ, ಕೆಳಗಿನವರ ನಕ್ಷೆಯಲ್ಲಿಯೂ ಇರಲಿಲ್ಲ. ಯಾರಿಗೂ ಸೇರದ ಆ ಎಡೆಯಲ್ಲಿಯೇ ಎಲ್ಲರ ಶ್ರಮವೂ ನೆಲದ ಪಾಲಾಗುತ್ತಿತ್ತು.

ವ್ಯಾಕರಣವನ್ನು ಓದಿದವರಿಗೆ ಇದು ಹೊಸತಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಾಮಪ್ರಕರಣಕ್ಕಿಂತ ಮೊದಲೇ ಸಂಧಿಯನ್ನು ನಿರೂಪಿಸಿದ್ದಾನೆ. ಪದಗಳು ಬಿಡಿಯಾಗಿ ಎಷ್ಟೇ ಶುದ್ಧವಾಗಿದ್ದರೂ ಕೂಡುವೆಡೆಯಲ್ಲಿ ಏನಾಗುವುದೆಂಬುದನ್ನು ಅರಿಯದವನಿಗೆ ಭಾಷೆ ಒಲಿಯದು. ಕೂಡುವೆಡೆಯಲ್ಲಿ ನಡೆಯುವ ಕಾರ್ಯಗಳು ಮೂರು: ಲೋಪ, ಆಗಮ, ಆದೇಶ. ‘ಊರು’ ಎಂಬುದಕ್ಕೆ ‘ಅನ್ನು’ ಸೇರಿದಾಗ ಉಕಾರ ಬಿಟ್ಟುಹೋಗಿ ‘ಊರನ್ನು’ ಆಗುವುದು ಲೋಪ. ‘ಮನೆ’ಗೆ ‘ಅಲ್ಲಿ’ ಸೇರಿದಾಗ ನಡುವೆ ಯಕಾರ ಬಂದು ‘ಮನೆಯಲ್ಲಿ’ ಆಗುವುದು ಆಗಮ. ‘ಮಳೆ’ಗೆ ‘ಕಾಲ’ ಸೇರಿದಾಗ ಕಕಾರದ ಸ್ಥಾನದಲ್ಲಿ ಗಕಾರ ನಿಂತು ‘ಮಳೆಗಾಲ’ ಆಗುವುದು ಆದೇಶ.

ಗೋಲಿಯ ಓಟದ ಕೂಡುವೆಡೆಗಳಿಗೂ ಮದ್ದು ಈ ಮೂರೇ. ಮೇಲಿನ ಕಾಲುವೆಯ ತುದಿ ಅತಿಯಾಗಿ ಚಾಚಿ ಗೋಲಿಯು ಕೆಳಗಿನ ಬಾಯಿಯನ್ನು ದಾಟಿ ಹಾರುತ್ತಿದ್ದರೆ ಹೆಚ್ಚಾದುದನ್ನು ಕೊಯ್ಯಬೇಕು, ಇದು ಲೋಪ. ನಡುವೆ ತೆರಪಿದ್ದರೆ ಆಲಿಕೆಯಂಥ ಒಂದು ಹೊಸ ತುಣುಕನ್ನು ತಂದು ಸೇರಿಸಬೇಕು, ಇದು ಆಗಮ. ಗಟ್ಟಿಯಾದ ತಗಡಿಗೆ ಬಡಿದು ಗೋಲಿಯು ಪುಟಿಯುತ್ತಿದ್ದರೆ ಆ ತಗಡನ್ನು ತೆಗೆದು ಬಟ್ಟೆ ಹೊದಿಸಿದ ಬಾಗನ್ನು ಅದರ ಜಾಗದಲ್ಲಿಡಬೇಕು, ಇದು ಆದೇಶ. ಪ್ರಕೃತಿಭಾವವೂ ಇಲ್ಲಿ ಉಂಟು. ಗೋಲಿಯ ವೇಗವೂ ದಿಕ್ಕೂ ಸರಿಯಾಗಿದ್ದರೆ ಕೆಲವೆಡೆ ತೆರಪನ್ನು ಹಾಗೆಯೇ ಬಿಟ್ಟು, ಗೋಲಿಯು ಹಾರಿ ಆಚೆಯ ಕಾಲುವೆಯನ್ನು ಸೇರುವಂತೆ ಮಾಡಬಹುದು. ಈ ಹೋಲಿಕೆಯನ್ನು ಹಲಗೆಯ ಮುಂದೆಯೇ ಹೇಳಿದಾಗ, ಸಂಧಿಯ ಪಾಠವೆಂದರೆ ಆಕಳಿಸುತ್ತಿದ್ದ ಹುಡುಗರೂ ಕಿವಿಗೊಟ್ಟುದನ್ನು ಕಂಡಿದ್ದೇನೆ.

ಸುತ್ತಣ ನಿದರ್ಶನಗಳು

ಕೂಡುವೆಡೆಯ ಮಹತ್ತ್ವವನ್ನು ನಮ್ಮ ಸುತ್ತಲಿನವರು ಬಹುಕಾಲದಿಂದ ಬಲ್ಲರು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಸಭಾಮಂಟಪದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಕಮಲಾಕಾರದ ವಿಶಾಲವಾದ ಮೇಲ್ಛಾವಣಿ ಕಾಣುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಅರವತ್ತು ಕಂಬದ ಗುಡಿಯೆಂದು ಜನರು ಕರೆಯುವ ನಾಗರೇಶ್ವರ ದೇವಾಲಯವಿದೆ. ಚಾಲುಕ್ಯಶೈಲಿಯ ಈ ಗುಡಿಗಳ ಶಿಲ್ಪಿಗಳು ಕಲ್ಲಿಗೆ ಕಲ್ಲನ್ನು ಗಾರೆಯಿಲ್ಲದೆ ಕೂಡಿಸಿದರು. ನಾವು ಕೆತ್ತನೆಯನ್ನು ನೋಡಿ ಮೆಚ್ಚುತ್ತೇವೆ. ಆದರೆ ಗುಡಿಯನ್ನು ಶತಮಾನಗಳ ಕಾಲ ನಿಲ್ಲಿಸಿದುದು ಕೆತ್ತನೆಯಲ್ಲ, ಕಣ್ಣಿಗೆ ಬೀಳದ ಕೂಡಿಕೆ.

ಹಿರೇಕೆರೂರಿನ ಹೆಸರಿನಲ್ಲಿಯೇ ಹಿರಿಯ ಕೆರೆಯಿದೆ. ಕೆರೆಯ ಏರಿ ಎಷ್ಟು ದಪ್ಪವಾಗಿದ್ದರೇನು? ಏರಿಯನ್ನು ತೂಬು ಭೇದಿಸುವ ಎಡೆ, ಏರಿಗೂ ಕೋಡಿಗೂ ಕೂಡುವ ಎಡೆ ಇವೆರಡನ್ನು ಊರ ಹಿರಿಯರು ಮಳೆಗಾಲದಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಒಳಹರಿವಾಗುವ ಕೆರೆಸಾಲುಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಅವು ನೀರಿನ ರೂಪದ ಗೋಲಿಯ ಓಟಗಳೇ. ಮುಂಡಗೋಡ ತಾಲ್ಲೂಕಿನ ಮಳಗಿಯ ಬಳಿಯಿರುವ ಧರ್ಮಾ ಜಲಾಶಯದ ನೀರು ಕಾಲುವೆಗಳ ಮೂಲಕ ಹಾನಗಲ್ಲ ಸೀಮೆಗೆ ಬರುವುದೂ ಇಳಿಜಾರಿನ ಬಲದಿಂದಲೇ. ಸವಣೂರಿನ ವೀಳ್ಯದೆಲೆಗೆ ದೊಡ್ಡ ಹೆಸರಿದೆ. ಎಲೆಬಳ್ಳಿಯ ತೋಟದಲ್ಲಿ ಸಾಲುಗಳಿಗೆ ನೀರು ಹಾಯಿಸುವವನು ಇಳಿಜಾರು ಹೆಚ್ಚಾದರೆ ಮಣ್ಣು ಕೊಚ್ಚುವುದೆಂದೂ ಕಡಿಮೆಯಾದರೆ ನೀರು ನಿಲ್ಲುವುದೆಂದೂ ಬಲ್ಲನು. ಅವನ ಮಗ ನಮ್ಮ ತರಗತಿಯಲ್ಲಿ ಕುಳಿತಿದ್ದರೆ ಇಳಿಜಾರಿನ ಪಾಠಕ್ಕೆ ಅವನೇ ಮೊದಲ ಅಧ್ಯಾಪಕ.

ದೊಡ್ಡವರು ದೊಡ್ಡ ಕಾರ್ಯದಲ್ಲಿ ಕೂಡುವೆಡೆಯನ್ನು ಅಲಕ್ಷಿಸಿದ ನಿದರ್ಶನವೂ ಇದೆ. ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರಿನಲ್ಲಿ ಮಂಗಳಗ್ರಹಕ್ಕೆ ಕಳಿಸಿದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯು 1999ರ ಸೆಪ್ಟೆಂಬರ್ 23ರಂದು ಗ್ರಹವನ್ನು ಸಮೀಪಿಸಿದಾಗ ನಷ್ಟವಾಯಿತು. ಒಂದು ತಂಡವು ನೂಕುಬಲದ ಲೆಕ್ಕವನ್ನು ಪೌಂಡುಗಳ ಮಾನದಲ್ಲಿ ಕೊಟ್ಟಿತು. ಮತ್ತೊಂದು ತಂಡವು ಅದನ್ನು ನ್ಯೂಟನ್ ಮಾನದ್ದೆಂದು ಭಾವಿಸಿ ಬಳಸಿತು. ಎರಡೂ ತಂಡಗಳಲ್ಲಿ ಪಂಡಿತರೇ ಇದ್ದರು. ಸಂಧಿಯನ್ನು ನೋಡಿಕೊಳ್ಳುವವರು ಮಾತ್ರ ಇರಲಿಲ್ಲ. ನಮ್ಮ ಮಕ್ಕಳ ಗೋಲಿಯು ಬಿದ್ದುದಕ್ಕೂ ಆ ನೌಕೆಯು ಬಿದ್ದುದಕ್ಕೂ ಕಾರಣ ಒಂದೇ ಜಾತಿಯದು.

ಒಡಂಬಡಿಕೆಯ ಪತ್ರ

ಆದುದರಿಂದ ಅಧ್ಯಾಪಕ ಬಂಧುಗಳಿಗೆ ನನ್ನ ಸೂಚನೆ ಇಷ್ಟು. ಗರಗಸವನ್ನು ಮಕ್ಕಳ ಕೈಗೆ ಕೊಡುವ ಮುನ್ನ ನೆರೆಹೊರೆಯ ತಂಡಗಳಿಂದ ಒಡಂಬಡಿಕೆಯ ಪತ್ರವೊಂದನ್ನು ಬರೆಯಿಸಬೇಕು. ಗೋಲಿಯ ಗಾತ್ರವೆಷ್ಟು, ಅದು ಯಾವ ಎತ್ತರದಲ್ಲಿ, ಹಲಗೆಯ ಯಾವ ಅಂಚಿನಲ್ಲಿ, ಯಾವ ದಿಕ್ಕಿಗೆ ಮುಖಮಾಡಿ, ನಿಧಾನವಾಗಿಯೋ ರಭಸವಾಗಿಯೋ ಹೊರಬರುವುದು ಎಂಬುದನ್ನು ಅಂಕಿಗಳ ಸಮೇತ ಬರೆದು ಎರಡೂ ತಂಡಗಳು ಸಹಿ ಹಾಕಬೇಕು. ಪ್ರತಿ ಕೂಡುವೆಡೆಗೆ ಎರಡೂ ತಂಡಗಳಿಂದ ಒಬ್ಬೊಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು. ಅಳತೆಯನ್ನು ಬದಲಿಸಬೇಕಾದರೆ ಇಬ್ಬರೂ ಒಪ್ಪಿ ಪತ್ರವನ್ನು ತಿದ್ದಬೇಕು. ಇದರಿಂದ ಕನ್ನಡ ಗದ್ಯಕ್ಕೂ ಒಂದು ಅಭ್ಯಾಸ ದೊರೆಯುತ್ತದೆ. ‘ಸ್ವಲ್ಪ’, ‘ಸುಮಾರಾಗಿ’, ‘ಚೆನ್ನಾಗಿ’ ಎಂಬ ಮಾತುಗಳಿಂದ ಗೋಲಿಯು ಓಡದೆಂಬುದನ್ನು ಕಂಡ ವಿದ್ಯಾರ್ಥಿಯು ಖಚಿತವಾದ ವಾಕ್ಯವನ್ನು ಬರೆಯಲು ತಾನೇ ಕಲಿಯುತ್ತಾನೆ.

ಅಂಕಗಳನ್ನು ಕೊಡುವುದಾದರೆ ಇಪ್ಪತ್ತೈದರಲ್ಲಿ ಹತ್ತನ್ನು ತಂಡದ ಸ್ವಂತ ಹಲಗೆಗೂ ಹದಿನೈದನ್ನು ಕೂಡುವೆಡೆಗಳಿಗೂ ಕೊಡಬೇಕು. ಕೂಡುವೆಡೆಯ ಅಂಕ ಎರಡೂ ತಂಡಗಳಿಗೆ ಸಮಾನ. ಗೋಲಿಯು ಬಿದ್ದುದಕ್ಕಾಗಿ ಅಂಕವನ್ನು ಕಳೆಯಬಾರದು. ಬಿದ್ದ ಸ್ಥಳವನ್ನೂ ಕಾರಣವನ್ನೂ ಮಾಡಿದ ತಿದ್ದುಪಡಿಯನ್ನೂ ದಿನಚರಿಯಲ್ಲಿ ಬರೆಯದಿದ್ದರೆ ಮಾತ್ರ ಕಳೆಯಬೇಕು. ಪ್ರತಿ ಸಲ ಒಂದೇ ಒಂದು ಬದಲಾವಣೆ ಮಾಡಿ ಹತ್ತು ಸಲ ಓಡಿಸಿ ನೋಡುವುದು ನಿಯಮವಾಗಲಿ. ಹತ್ತರಲ್ಲಿ ಒಂಬತ್ತು ಸಲ ತಲುಪಿದರೆ ಅದು ರಚನೆ. ಒಂದು ಸಲ ತಲುಪಿದರೆ ಅದು ಅದೃಷ್ಟ.

ದೊಡ್ಡ ಸಂಧಿ

ಕೊನೆಗೆ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಒಂದು ಮಾತು. ಕೇಂದ್ರ ಸರಕಾರವು 2016ರಲ್ಲಿ ಆರಂಭಿಸಿದ ಅಟಲ್ ಇನ್ನೋವೇಶನ್ ಮಿಷನ್ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಪ್ರಯೋಗಶಾಲೆಗಾಗಿ 20 ಲಕ್ಷ ರೂಪಾಯಿಗಳವರೆಗೆ ಅನುದಾನ ಕೊಡುವ ಏರ್ಪಾಡಾಯಿತು. ಅದು ಒಳ್ಳೆಯದೇ. ಆದರೆ ಗೋಲಿಯ ಓಟಕ್ಕೆ ಲಕ್ಷಗಳು ಬೇಡ. ನಾಲ್ಕು ಗರಗಸ, ನಾಲ್ಕು ಸುತ್ತಿಗೆ, ಉಳಿ, ಅಳತೆಪಟ್ಟಿ, ರಸಮಟ್ಟ, ತೂಕಗುಂಡು, ಒಂದು ಬೀಗವುಳ್ಳ ಕಪಾಟು, ಬಿಸಿಲು ಮಳೆ ತಾಗದ ಒಂದು ಮೂಲೆ, ಇಷ್ಟು ಸಾಕು. ಜೊತೆಗೆ ವಾರಕ್ಕೊಮ್ಮೆ ಬಂದು ಉಳಿ ಹಿಡಿಯುವುದನ್ನು ತೋರಿಸುವ ಊರಿನ ಒಬ್ಬ ಬಡಗಿ ಬೇಕು. ಅವನಿಗೆ ಕುರ್ಚಿ ಹಾಕಿ, ಸಂಭಾವನೆ ಕೊಟ್ಟು, ಗುರುಗಳೇ ಎಂದು ಮಕ್ಕಳಿಂದ ಕರೆಯಿಸಬೇಕು. ಕಟ್ಟಡದ ಮೇಲೆ ಹೆಸರು ಬರೆಯಿಸುವ ದಾನ ಹಿರಿದು. ಕಪಾಟಿನೊಳಗಿನ ಉಳಿಗೆ ಸಾಣೆ ಹಿಡಿಸುವ ದಾನವೂ ಕಿರಿದಲ್ಲ.

ಎಂಜಿನಿಯರುಗಳಾಗಿ ದೂರದ ಊರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಂದ ಹಣಕ್ಕಿಂತ ಮಿಗಿಲಾದುದನ್ನು ಬೇಡುತ್ತೇನೆ. ಕನ್ನಡದಲ್ಲಿ ಓದಿದ ಮಗುವು ಇಂಗ್ಲಿಷಿನ ಎಂಜಿನಿಯರಿಂಗ್ ತರಗತಿಗೆ ಕಾಲಿಡುವ ಎಡೆಯೇ ಅದರ ಬಾಳಿನ ದೊಡ್ಡ ಸಂಧಿ. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಶಿಕ್ಷಣ ಕೊಡಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಅನುಮತಿ ನೀಡಿತು. ಆ ಭಾಷೆಗಳಲ್ಲಿ ಕನ್ನಡವೂ ಒಂದು. ಆದರೂ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ನಡೆಯುವುದು ಇಂಗ್ಲಿಷಿನ ದಾರಿಯಲ್ಲಿಯೇ. ಶಾಲೆಯವರು ನಮ್ಮ ಪಾಲು ಸರಿಯಾಗಿದೆ ಎನ್ನುತ್ತೇವೆ. ಕಾಲೇಜಿನವರು ತಮ್ಮ ಪಾಲು ಸರಿಯಾಗಿದೆ ಎನ್ನುತ್ತಾರೆ. ಮಗು ಬೀಳುವುದು ನಡುವೆ. ಆ ತೆರಪನ್ನು ದಾಟಿದವರು ನೀವು. ವರ್ಷಕ್ಕೆ ಎರಡು ದಿನ ಬಂದು, ಮಕ್ಕಳ ಹಲಗೆಯ ಮುಂದೆ ಕುಳಿತು, ಘರ್ಷಣೆಗೆ ಅಲ್ಲಿ ಏನೆನ್ನುತ್ತಾರೆ, ವೇಗೋತ್ಕರ್ಷಕ್ಕೆ ಏನೆನ್ನುತ್ತಾರೆ, ಮೊದಲ ವರ್ಷ ತಮಗೆ ಯಾವುದು ಕಷ್ಟವಾಯಿತು ಎಂಬುದನ್ನು ಮನೆಯ ಮಾತಿನಲ್ಲಿ ಹೇಳಿದರೆ, ಅದೇ ಆಗಮಸಂಧಿ: ಎರಡು ಪದಗಳ ನಡುವೆ ಬಂದು ನಿಂತು ಎರಡನ್ನೂ ಕೂಡಿಸುವ ಒಂದಕ್ಷರ. ಅಂಥ ಅಕ್ಷರಗಳಾಗಿ ನಮ್ಮ ಹಳೆಯ ವಿದ್ಯಾರ್ಥಿಗಳು ಬರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.